ಮರಳಿಸಿದ ಅನುದಾನ

ಪತ್ನಿ ದೇವರ ಪಾದ ಸೇರಿ ಹದಿನೈದು ದಿನವಾಗಿತ್ತು. ಅವಳ ಪಿಂಚಣಿಯ ಸಲುವಾಗಿ ಮರಣ ಪ್ರಮಾಣಪತ್ರವನ್ನು ಒಪ್ಪಿಸಲು ಖಜಾನೆ ಕಚೇರಿಯಲ್ಲಿ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಮಾತನಾಡುತ್ತಿದ್ದರು. ಇಬ್ಬರೂ ಬೇರೆ ಬೇರೆ ಸರಕಾರಿ ಶಾಲೆಗಳ ಮುಖ್ಯೋಪಾಧ್ಯಾಯಿನಿಯರು.

“ಈ ಸಲ ನಿಂಗೆ ಅನುದಾನ ಜಾಸ್ತಿಯಂತೆ,” ಎಂದಳು ಅಕ್ಕ.

“ಹೂಂ. ನಿಂಗೆ?”

“ಕತ್ತರಿಸಿದ್ದಾರೆ. ಹೋದ ವರ್ಷ ಬಡಗಿ ಹತ್ರ ಚೌಕಾಸಿ ಮಾಡಿ ಬೆಂಚು ಮಾಡಿಸಿ, ಉಳಿದದ್ದನ್ನ ವಾಪಸ್ ಕಟ್ಟಿದ್ನಲ್ಲ. ನಿಮಗೆ ಅಷ್ಟೇ ಸಾಕು ಅಂತ ಬರೆದುಬಿಟ್ರು.”

“ಯಾರಾದ್ರೂ ವಾಪಸ್ ಕಟ್ತಾರಾ ಅಕ್ಕ?”

“ನೀನು ಕಟ್ಟಲಿಲ್ಲ ಬಿಡು. ವರ್ಷದ ಕೊನೇ ವಾರ, ಚೆನ್ನಾಗಿದ್ದ ಗೋಡೆಗೇ ಇನ್ನೊಂದು ಸಲ ಬಣ್ಣ ಹೊಡೆಸಿದೆ.”

“ಖರ್ಚು ತೋರಿಸದಿದ್ರೆ ಮುಂದಿನ ವರ್ಷ ಕೊಡೋದೇ ಇಲ್ವಲ್ಲ!”

“ಚಿಕ್ಕವಳಿದ್ದಾಗಿಂದ್ಲೂ ನಿಂದು ಇದೇ ಕಣೇ. ನಾನು ಪೆನ್ಸಿಲ್ಲು ಸವೆಯದ ಹಾಗೆ ಬರೀತಿದ್ದೆ, ನೀನು ಮುರ್ಕೊಂಡು ಬರ್ತಿದ್ದೆ. ಅಪ್ಪ ಹೊಸದು ತರ್ತಿದ್ದಿದ್ದು ನಿಂಗೇ.”

“ಇನ್ನೂ ಹೊಟ್ಟೆ ಉರೀತಿದ್ಯಾ?”

“ಉರೀದೆ ಏನು? ನಿನ್ನ ಗೋಡೆ ಫಳಫಳ ಅಂತಿದೆ, ನನ್ನ ಒಂದನೇ ಕ್ಲಾಸಿನ ಚಾವಣಿ ಸೋರ್ತಿದೆ. ಮಕ್ಕಳನ್ನ ವರಾಂಡದಲ್ಲಿ ಕೂರಿಸಿದೀನಿ.”

ಗುಮಾಸ್ತರು ಕರೆದರು. ಇಬ್ಬರೂ ಎದ್ದರು. ನಾಲ್ಕು ಹೆಜ್ಜೆ ಹೋದ ಮೇಲೆ ಅಕ್ಕ ತಂಗಿಯ ತೋಳು ಹಿಡಿದು ನಿಲ್ಲಿಸಿದಳು.

“ಆ ಬಣ್ಣದವನ ನಂಬರ್ ಕೊಡೇ.”

“ಚಾವಣಿ?”

“ಕೊಟ್ಟಿರೋದು ಚಾವಣಿಗೆ ಸಾಲಲ್ಲ, ಬಣ್ಣಕ್ಕೆ ಸಾಲುತ್ತೆ. ಈ ಸಲ ಒಂದು ಕಾಸೂ ವಾಪಸ್ ಹೋಗಲ್ಲ, ನೋಡ್ತಿರು.”