ತಾತನ ಪ್ರವಚನ, ಮೊಮ್ಮಗಳ ಬೆಸುಗೆ

ಎಕ್ಸ್‌ರೇ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ನಿವೃತ್ತ ಧರ್ಮಬೋಧಕರೂ ವೆಲ್ಡಿಂಗ್ ಕೆಲಸ ಮಾಡುವ ಅವರ ಮೊಮ್ಮಗಳೂ ಕೂತಿದ್ದರು. ಮಂಗಳ ಗ್ರಹದಲ್ಲಿ ಊರು ಕಟ್ಟಲು ಹೊರಟ ಕಂಪನಿಯೊಂದು ಅವಳನ್ನು ಆರಿಸಿತ್ತು. ಇವತ್ತು ಕೊನೆಯ ವೈದ್ಯಕೀಯ ಪರೀಕ್ಷೆ.

“ತಾತ, ನಿನ್ನೆ ನಮ್ಮ ಕಂಪನಿ ಮಾಲೀಕರು ಭಾಷಣ ಮಾಡಿದ್ರು. ಈ ಭೂಮಿ ಒಂದಿನ ಹಾಳಾಗುತ್ತೆ, ಆಯ್ದ ಕೆಲವರು ಮೇಲೆ ಹೋಗಿ ಹೊಸ ಲೋಕ ಕಾಣ್ತಾರೆ ಅಂದ್ರು.”

“ಅದು ನನ್ನ ಪ್ರವಚನ ಕಣೇ. ನಲವತ್ತು ವರ್ಷ ಅದನ್ನೇ ಹೇಳಿದ್ದೀನಿ.”

“ಅದಕ್ಕೇ ಮೈ ಜುಮ್ ಅಂತು. ಎಲ್ಲರೂ ಚಪ್ಪಾಳೆ ಹೊಡೀತಿದ್ರು, ನಂಗೆ ನಿಮ್ಮ ದನಿನೇ ಕೇಳಿಸ್ತಿತ್ತು.”

“ನೀನು ಪ್ರಾರ್ಥನೆಗೆ ಬರೋದು ಬಿಟ್ಟಾಗ, ನನ್ನ ಮಾತು ನಿನ್ನ ಕಿವಿಗೇ ಬಿದ್ದಿಲ್ಲ ಅಂದ್ಕೊಂಡಿದ್ದೆ.”

“ಎಲ್ಲಾ ಬಿದ್ದಿತ್ತು. ಆಕಾಶ ನೋಡೋದು ಕಲಿಸಿದ್ದೇ ನೀವು.”

“ಅಲ್ಲಿ ನಿಂಗೇನು ಕೆಲಸ?”

“ಗಾಳಿ ಸೋರದ ಹಾಗೆ ಮನೆಗಳಿಗೆ ಬೆಸುಗೆ ಹಾಕೋದು. ವಾಪಸ್ ಬರೋ ಹಾಗಿಲ್ಲ ತಾತ.”

“ನಾನು ಹೇಳಿದ ಸ್ವರ್ಗದಿಂದಲೂ ಯಾರೂ ವಾಪಸ್ ಬಂದಿಲ್ಲ. ಅಲ್ಲಿ ಬೆಸುಗೆ ಹಾಕ್ಬೇಕಾಗುತ್ತೆ ಅಂತ ಮಾತ್ರ ನಂಗೆ ಗೊತ್ತಿರಲಿಲ್ಲ.”

ಇಬ್ಬರೂ ಜೋರಾಗಿ ನಕ್ಕರು. ಅಷ್ಟರಲ್ಲಿ ನರ್ಸ್ ಅವಳನ್ನು ಕರೆದಳು. ತಾತನೂ ಎದ್ದರು.

“ಒಳಗೆ ಒಬ್ಬರೇ ಹೋಗ್ಬೇಕಂತೆ ತಾತ.”

“ಗೊತ್ತು. ಬಾಗಿಲವರೆಗೆ ಬರ್ತೀನಿ.”