ಸತ್ತೋರಿಗೆ ಕಣ್ಣು ಬರೀತಿದ್ದ ಕಾಲ

ಅಲ್ಲ, ಆಗ ಹಳ್ಳಿ ಕಡೆ ವಯಸ್ಸಾದೋರು ಬದುಕಿರೋವಾಗ ಫೋಟೋ ತೆಗೆಸ್ತಿರ್ಲಿಲ್ಲ ಕಣ್ರೋ, ಆಯಸ್ಸು ಕಮ್ಮಿ ಆಗುತ್ತೆ ಅಂತ ಭಯ. ಸತ್ಮೇಲೆ ಹೆಣಾನ ಗೋಡೆಗೆ ಒರಗ್ಸಿ ಕೂರ್ಸಿ ತೆಗೆಸೋರು. ಕಣ್ಣು ಮುಚ್ಚಿರುತ್ತಲ್ಲ, ಆ ಫೋಟೋ ಮೇಲೆ ಬ್ರಶ್ಶಲ್ಲಿ ಕಣ್ಣು ಬರೆಯೋದು ನನ್ನ ಕೆಲಸ, ಕಾಡುಗೋಡಿ ಸ್ಟೇಷನ್ ಹತ್ರ ಒಂದು ಸ್ಟುಡಿಯೋಲಿ. ದೊಡ್ಡ ದೊಡ್ಡ ಚಿತ್ರ ಬರೀತೀನಿ ಅಂತ ಕಲ್ತೋನು ನಾನು, ಏನ್ಮಾಡೋದು, ಚಿತ್ರ ಕೊಳ್ಳೋರ್ಯಾರು? ಎಪ್ಪತ್ತಾರು, ಅಲ್ಲಲ್ಲ, ಎಪ್ಪತ್ತೇಳು, ನಿಮ್ಮಪ್ಪ ಹುಟ್ಟಿದ ವರ್ಷ. ನಿಮ್ಮಜ್ಜಿ ಬಾಣಂತಿ. ಸಾಕಾಗೋಗಿತ್ತು.

ಆಗ ವರ್ತೂರಿಂದ ಮುನಿಯಪ್ಪ ಅಂತ ಒಬ್ಬ ರೈತ ಬಂದ, ತಾಯಿ ಹೋಗ್ಬಿಟ್ಟಿದ್ಲು. ಜೊತೇಲಿ ತಂಗಿ ಲಕ್ಷ್ಮಮ್ಮ. ಮುಚ್ಚಿದ ಕಣ್ಣು ಹೆಂಗಿತ್ತು ಅಂತ ನಂಗೇನ್ ಗೊತ್ತು? ಅದಕ್ಕೆ ಮಗಳನ್ನ ಎದುರಿಗೆ ಕೂರಿಸ್ಕೊಂಡು, ಅವಳ ಕಣ್ಣು ನೋಡಿ ತಾಯಿ ಕಣ್ಣು ಬರೀತಿದ್ದೆ. ಅದು ನನ್ನ ಪದ್ಧತಿ. ಲಕ್ಷ್ಮಮ್ಮ ಒಂದು ಗಂಟೆ ಕೂತ್ಲು ಪಾಪ. ಪಟದಲ್ಲಿ ತಾಯಿದು ಸೊರಗಿದ ಕೆನ್ನೆ, ಕಪ್ಪು ಬಣ್ಣ, ಎಲ್ಲಾ ಇದ್ದಂಗೇ ಬಿಟ್ಟೆ. ಪಟ ನೋಡ್ತಿದ್ದಂಗೆ ಆ ಹೆಂಗ್ಸು "ಅಯ್ಯೋ ಅವ್ವಾ!" ಅಂತ ಗೋಳೋ ಅಂತ ಅತ್ಬಿಟ್ಲು. ನಂಗೆ ಒಳಗೊಳಗೇ ಹೆಮ್ಮೆ, ಸುಳ್ಳ್ಯಾಕೆ ಹೇಳ್ಲಿ.

ಮುನಿಯಪ್ಪ ಮಾತ್ರ ಕೆಂಡ. "ಏನ್ ಸಾಮಿ ಇದು? ಊರೋರು ನೋಡಿದ್ರೆ ಏನಂತಾರೆ? ಮಗ ಅನ್ನ ಇಕ್ಕಿಲ್ಲ ಅಂತಾರೆ! ಕೆನ್ನೆ ತುಂಬ್ಸಿ, ಬೆಳ್ಳಗೆ ಮಾಡಿ, ಕತ್ತಿಗೆ ಚಿನ್ನದ ಗುಂಡಿನ ಸರ ಆಕಿ. ಕಣ್ಣೂ ಇಂಗ್ ಸೋತೋದಂಗ್ ಬ್ಯಾಡ, ದೊಡ್ಡದಾಗ್ ಇರ್ಲಿ." ಆಗಲ್ಲ ಅಂದೆ. ನಮ್ಮ ಓನರ್ರು ನನ್ನ ಪಕ್ಕಕ್ಕೆ ಕರೆದ್ರು. "ನೋಡಪ್ಪ, ಇಲ್ಲಿ ನಿನ್ನ ಕಲೆ ಯಾರೂ ಕೇಳಿಲ್ಲ. ಇವನು ಬೈಕೊಂಡು ಹೋದ್ರೆ ವರ್ತೂರಿಂದ ಇನ್ನೊಂದು ಗಿರಾಕಿ ಬರಲ್ಲ. ಬರಿ, ಇಲ್ದಿದ್ರೆ ನಾಳೆಯಿಂದ ಬರ್ಬೇಡ." ಮನೇಲಿ ಹಸುಗೂಸು ಕಣ್ರೋ. ಏನ್ ಮಾಡ್ಲಿ, ಬರೆದೆ. ಕೆನ್ನೆ ಊದಿಸ್ದೆ, ಬಿಳಿ ಬಳಿದೆ, ಸರ ಹಾಕ್ದೆ, ಸಿನಿಮಾ ಹೀರೋಯಿನ್ ಕಣ್ಣು ಇಟ್ಟೆ.

ವಾರ ಬಿಟ್ಟು ಬಂದ್ರು. ಅಣ್ಣಂಗೆ ಖುಷಿಯೋ ಖುಷಿ, "ಈಗ ನೋಡಿ, ಅವ್ವ ಮಹಾಲಕ್ಷ್ಮಿ ಇದ್ದಂಗವಳೆ!" ತಂಗಿ ಮಾತ್ರ ಪಟಾನ ತಿರುಗಿಸಿ ತಿರುಗಿಸಿ ನೋಡಿದ್ಲು. ಈ ಸಲ ಅಳ್ಲಿಲ್ಲ. ಮೆಲ್ಲಗೆ ಕೇಳಿದ್ಲು, "ಅಣ್ಣ, ಇದ್ಯಾರ್ದು?"

ಅಷ್ಟೇ. ಅವತ್ತು ಬ್ರಶ್ ತೊಳೆಯಕ್ಕೂ ಕೈ ಬರ್ಲಿಲ್ಲ. ಕೆಲ್ಸ ಬಿಟ್ನಾ? ಎಲ್ಲಿ ಬಿಡ್ಲಿ! ಆಮೇಲೆ ಹತ್ತು ಹನ್ನೆರಡು ವರ್ಷ ಅದೇ ಸ್ಟುಡಿಯೋಲಿ ಸತ್ತೋರ ಕೆನ್ನೆ ಊದಿಸ್ದೆ, ಕೇಳಿದವರಿಗೆಲ್ಲ ಬಂಗಾರ ಹಾಕ್ದೆ. ಆದ್ರೆ ಕಣ್ಣು ಮಾತ್ರ ಮಕ್ಕಳ ಕಣ್ಣು ನೋಡಿ ಇದ್ದಂಗೇ ಬರೀತಿದ್ದೆ, ಓನರ್ ಬೈದ್ರೂ ಕೇಳ್ತಿರ್ಲಿಲ್ಲ, ಗಿರಾಕಿ ಎದ್ದು ಹೋದ್ರೂ ಕೇಳ್ತಿರ್ಲಿಲ್ಲ. ಹೋದೋರೂ ಇದ್ರು, ಓನರ್ ಸಂಬಳ ಮುರಿಯೋರು, ಆ ತಿಂಗಳು ಮನೇಲಿ ಬರೀ ಗಂಜಿ. ಹೊಟ್ಟೆಪಾಡಿಗೆ ಹತ್ತು ಕಡೆ ಬಗ್ಗಿ ಮಕ್ಳಾ, ನಾನೂ ಬಗ್ಗಿದೀನಿ. ಆದ್ರೆ ಮಗಳು ತನ್ನ ತಾಯಿ ಪಟ ನೋಡಿ ಯಾರು ಅಂತ ಕೇಳೋ ಹಂಗೆ ಮಾತ್ರ ಮಾಡ್ಬೇಡಿ.