ಹಗಲು ಬೆಳೆಯದ ಊರು

ಡಿಸೆಂಬರಿನ ಮಳೆ ಆ ದ್ವೀಪನಗರದ ಬುಕಿತ್ ಪಂಜಾಂಗ್ ಬಡಾವಣೆಯನ್ನು ಹಿಡಿದುಕೊಂಡು ಬಿಡುವ ಮಾತೇ ಆಡುತ್ತಿರಲಿಲ್ಲ. ಧನುರ್ಮಾಸದ ಪೂಜೆಗೆಂದು ಬೆಳಕು ಹರಿಯುವ ಮೊದಲೇ ನಳಿನಿ ಅಜ್ಜಿಯ ಫ್ಲ್ಯಾಟಿಗೆ ಬಂದವರು ಅವತ್ತು ಮೂವರೇ. ಪಕ್ಕದ ಮನೆಯ ಕುಶಾಲ್, ಅವನ ಹೆಂಡತಿ ಶ್ರೀವಿದ್ಯಾ, ಅಜ್ಜಿಯ ನೆತ್ತಿಯ ಮೇಲಿನ ಮಹಡಿಯಲ್ಲಿದ್ದ ನಿರುಪಮಾ. ಮಂಗಳಾರತಿ ಆಗಿತ್ತು. ಹೊರಗೆ ಇನ್ನೂ ಕತ್ತಲಿದ್ದುದರಿಂದ ಬಿಸಿ ಹುಗ್ಗಿಯ ತಟ್ಟೆ ಹಿಡಿದು ಎಲ್ಲರೂ ಚಾಪೆಯ ಮೇಲೆಯೇ ಕೂತಿದ್ದರು.

ನಿರುಪಮಾ ಒಂದು ಸಂತೋಷವನ್ನು ಯಾರಿಗೂ ಹೇಳದೆ ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಬಂದಿದ್ದಳು. ಹಿಂದಿನ ರಾತ್ರಿ ವರ್ಷದ ಅತಿ ಉದ್ದದ ರಾತ್ರಿ. ಜುರಾಂಗ್ ಈಸ್ಟ್ ಬಡಾವಣೆಯ ಕಾಂಡೋ ಅಪಾರ್ಟ್‌ಮೆಂಟೊಂದರಲ್ಲಿ ಸೇರುವ ಗೆಳತಿಯರ ಗುಂಪು ಹೇಳಿಕೊಟ್ಟ ಹಾಗೆ ಅವಳು ಮರದ ದಿಮ್ಮಿಯೊಂದರ ಮೂರು ತೂತುಗಳಲ್ಲಿ ಮೂರು ಮೇಣದ ಬತ್ತಿ ನಿಲ್ಲಿಸಿ ಹಚ್ಚಿ, ತಮ್ಮ ಸುಭಾಷನ ಹೆಸರಿನಲ್ಲಿ ಒಂದು ತಟ್ಟೆ ಬಡಿಸಿಟ್ಟಿದ್ದಳು. ಸುಭಾಷ ಮಾರ್ಚಿನಲ್ಲಿ ಮೈಸೂರಿನಲ್ಲಿ ಹೋಗಿಬಿಟ್ಟಿದ್ದ. ವಿಮಾನ ಸಿಕ್ಕಿ ಅವಳು ಮುಟ್ಟುವಷ್ಟರಲ್ಲಿ ದಹನವಾಗಿತ್ತು. ಮುಖ ನೋಡಲು ಸಿಕ್ಕಿರಲಿಲ್ಲ. ಇವತ್ತು ಎದ್ದು ನೋಡಿದರೆ ಚಿತ್ರಾನ್ನದ ಕರಿಬೇವೆಲ್ಲ ತಟ್ಟೆಯ ಅಂಚಿನಲ್ಲಿ ಸಾಲಾಗಿ ಕೂತಿತ್ತು. ಸುಭಾಷ ಊಟ ಮಾಡುತ್ತಿದ್ದುದೇ ಹಾಗೆ. ಗಂಡ ಬದರಿನಾಥನನ್ನೂ ಐದು ವರ್ಷದ ಇಶಾನನನ್ನೂ ಎಬ್ಬಿಸದೆ, ತಟ್ಟೆಯನ್ನು ಹಾಗೆಯೇ ಬಿಟ್ಟು ಅವಳು ಕೆಳಗೆ ಇಳಿದುಬಂದಿದ್ದಳು.

"ಏನಜ್ಜೀ ಇಷ್ಟು ಡಾರ್ಕು? ದೆವ್ವದ ಕತೆಗೆ ಫುಲ್ ಸೆಟ್ಟಿಂಗ್ ಇದೆ," ಎಂದ ಕುಶಾಲ್.

"ಹೇಳ್ಬೇಡಿ ಅಜ್ಜಿ. ಆಮೇಲೆ ಇವ್ರು ಒಬ್ರೇ ಲಿಫ್ಟ್ ಹತ್ತಲ್ಲ, ನಾನು ಡ್ರಾಪ್ ಮಾಡ್ಬೇಕು," ಎಂದಳು ಶ್ರೀವಿದ್ಯಾ.

ಅಜ್ಜಿ ನಗಲಿಲ್ಲ. ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ, ಬತ್ತಿಯನ್ನು ಮುಂದಕ್ಕೆ ತಳ್ಳಿ, ಕೈಯನ್ನು ತಲೆಗೆ ಒರೆಸಿಕೊಂಡು ಗೋಡೆಗೆ ಒರಗಿದಳು. ಮಳವಳ್ಳಿ ಕಡೆಯ ಹಳ್ಳಿಯಿಂದ ಮೊಮ್ಮಗಳ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದವಳು. ಹೇಳುವುದನ್ನು ಹೇಳಿಯೇ ತೀರುವ ಹೆಂಗಸು.

"ಕೇಳಿಸ್ಕೊಳ್ಳಿ ಹಾಗಾದ್ರೆ... ನೀವಿಬ್ರೂ ಇನ್ನೂ ಈ ಬ್ಲಾಕಿಗೆ ಬಂದಿರ್ಲಿಲ್ಲ. ನೀರೂ, ನೀನಿರೋ ಮನೇಲೇ ಕಣೆ, ನಿನಗಿಂತ ಮುಂಚೆ ಇಂದು ಅಂತ ಒಬ್ಳಿದ್ಲು. ಹಾಸನದೋಳು. ಗಂಡ ದಿವಾಕರ, ಒಂದು ಹೆಣ್ಣು ಕೂಸು ಇಶಿತಾ. ಇಂದು ತಾಯಿ ಇಲ್ಲಿಗೆ ಬಂದು ಆರು ತಿಂಗಳು ಇದ್ದು, ಕಾರಿಡಾರಿನ ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿ, ಎಲ್ಲರಿಗೂ ಹಂಚಿ, ಊರಿಗೆ ಹೋದ ವಾರದಲ್ಲೇ ತೀರ್ಕೊಂಡ್ರು. ಈ ಹುಡುಗಿ ಕೈಗೆ ಹೆಣವೂ ಸಿಗ್ಲಿಲ್ಲ. ಅತ್ತೂ ಅತ್ತೂ ಕಡ್ಡಿ ಆಗಿದ್ಲು. ಆವಾಗ ಅವಳ ಗಂಡ ಹೇಳಿದ ನೋಡಿ ಒಂದು ಪದ್ಧತಿ..."

ನಿರುಪಮಾ ಬಾಯಿಗೊಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ದಿವಾಕರ ಮದುವೆಗೆ ಮುಂಚೆ ಇಂಗ್ಲೆಂಡಿನ ಉತ್ತರದ ಕಡೆ ಒಬ್ಬ ಮುದುಕಿ ಮನೇಲಿ ಬಾಡಿಗೆಗೆ ಇದ್ದ. ಆ ಯಮ್ಮ ಚರ್ಚಿನೋಳಲ್ಲ, ಅದಕ್ಕೂ ಹಳೇ ಕಾಲದ ನಡವಳಿಕೆಯೋಳು. ಡಿಸೆಂಬರಲ್ಲಿ ಅಲ್ಲಿ ಹಗಲು ಸವೀತಾ ಸವೀತಾ ಬಂದು, ಮಧ್ಯಾಹ್ನ ಉಂಡು ಕೈ ತೊಳೆಯೋದ್ರೊಳಗೆ ಕತ್ತಲಂತೆ. ಆ ಉದ್ದದ ರಾತ್ರಿ ಸೂರ್ಯ ಸತ್ತು ಬೆಳಗ್ಗೆ ಕೂಸಾಗಿ ಹುಟ್ತಾನೆ ಅಂತ ಅವರ ನಂಬಿಕೆ. ಆ ಕತ್ತಲೇ ಬಸುರಿ ಅವರಿಗೆ. ನಾವು ಬಾಣಂತಿ ಕೋಣೇಲಿ ದೀಪ ಆರೋಕೆ ಬಿಡ್ತೀವಾ? ಹಾಗೇ ಅವರೂ ರಾತ್ರಿಯೆಲ್ಲ ಒಂದು ದಿಮ್ಮಿ ಉರಿಸಿ ಕಾಯ್ತಾರೆ. ಉಳಿದ ಕೊಳ್ಳಿ ಎತ್ತಿಟ್ಟು ಮುಂದಿನ ವರ್ಷದ ಬೆಂಕೀನ ಅದರಿಂದಲೇ ಹಚ್ತಾರೆ... ನಮ್ಮೂರಲ್ಲಿ ಕೆಂಡಕ್ಕೆ ಬೂದಿ ಹೊದಿಸಿ ಮಲಗಿಸ್ತಿದ್ವಲ್ಲ, ಹಾಗೇ ಅಂದ್ಕೊಳ್ಳಿ. ಬಾಗಿಲಿಗೆ ಹಸಿರು ಕಟ್ತಾರೆ, ಚಳಿಗೂ ಬಾಡದ ಹಸಿರು. ಮತ್ತೆ... ಮನೆಯಿಂದ ಹೋದೋರಿಗೆ ಒಂದು ತಟ್ಟೆ ಇಡ್ತಾರೆ."

"ನಮ್ಮ ಪಕ್ಷದ ಎಡೆ ಥರ," ಎಂದಳು ಶ್ರೀವಿದ್ಯಾ.

"ಪಕ್ಷದ ಎಡೆಗೆ ಕಾಗೆ ಬಂದು ಹೋಗುತ್ತೆ ಕಣೆ. ಇದಕ್ಕೆ ಹಾಗಲ್ಲ. ಬಂದೋರು ಇರ್ತಾರೆ! ಎಲ್ಲೀತನಕ? ಹಗಲು ಬೆಳೆಯೋದು ಕಣ್ಣಿಗೆ ಕಾಣೋತನಕ. ಕೂಸು ಸೂರ್ಯ ದಿನಾ ಒಂದಿಷ್ಟು ಬಲಿತಾನೆ, ಸಂಜೆ ಒಂದಿಷ್ಟು ಉದ್ದ ಆಗುತ್ತೆ, ಆವಾಗ ಬಂದೋರು ಕಿಟಕಿ ನೋಡಿ, ನಮ್ಮ ಹೊತ್ತಾಯ್ತು ಅಂತ ತಾವಾಗೇ ಎದ್ದು ಹೋಗ್ತಾರೆ. ಯಾರೂ ಹೋಗು ಅನ್ನೋ ಹಾಗಿಲ್ಲ. ಅಂದ್ರೂ ಕೇಳಲ್ಲ."

ಮಳೆಯ ಸದ್ದು ಒಮ್ಮೆ ಏರಿ ಇಳಿಯಿತು. ಗೆಳತಿಯರ ಗುಂಪು ತಟ್ಟೆ ಇಡುವುದನ್ನಷ್ಟೇ ಹೇಳಿಕೊಟ್ಟಿತ್ತು. ಎತ್ತುವ ವಿಷಯ ಯಾರೂ ಕೇಳಿರಲಿಲ್ಲ.

"ಇಂದು ಮಾಡಿದ್ಲು. ಗಾಳಿಗೆ ಬಿದ್ದ ಮಳೆಮರದ ಕೊಂಬೇಲಿ ಒಂದು ದಿಮ್ಮಿ ತಂದ್ರು. ಫ್ಲ್ಯಾಟಲ್ಲಿ ಸೌದೆ ಉರಿಸೋದುಂಟೇ? ಮೂರು ತೂತು ಕೊರೆಸಿ ಮೇಣದ ಬತ್ತಿ ಇಟ್ರು, ಒಂದು ತುದಿ ಮಾತ್ರ ಶಾಸ್ತ್ರಕ್ಕೆ ಸುಟ್ರು. ಅವತ್ತೇ ಚೀನಿಯರಿಗೂ ಹಬ್ಬ, ಎದುರುಮನೆಯಾಕೆ ಅಕ್ಕಿಹಿಟ್ಟಿನ ಉಂಡೆ ಪಾಯಸ ಕೊಟ್ಲು. ಅವರು ಜಾಣರಪ್ಪ, ಇರೋ ಮಂದಿ ಕೂತು ತಿಂದು ಬಾಗಿಲು ಹಾಕ್ಕೊಂಡ್ರು. ಇವಳು ಬಾಗಿಲು ತೆಗೆದಿಟ್ಲು. ಬೆಳಗ್ಗೆ ನೋಡಿದ್ರೆ ಅನ್ನದ ಮಧ್ಯೆ ಸಾರಿಗೆ ಗುಳಿ ಮಾಡಿತ್ತು... ಅವಳಮ್ಮ ಮಾಡ್ತಿದ್ದ ಗುಳಿ, ಹೆಬ್ಬೆರಳಲ್ಲಿ. ಓಡಿ ಬಂದು ನನ್ನ ತಬ್ಕೊಂಡ್ಲು ಕಣ್ರೇ. ಎಷ್ಟು ಖುಷಿ! ನಾನೂ ಖುಷಿ ಪಟ್ಟೆ."

ಅಜ್ಜಿ ನಿರುಪಮಾಳ ಕಡೆ ನೋಡಲಿಲ್ಲ. ಬೇಕೆಂದೇ ನೋಡುತ್ತಿಲ್ಲ ಎನಿಸಿತು ನಿರುಪಮಾಳಿಗೆ.

"ಆದ್ರೆ ಇದು ಯಾವ ದೇಶ? ಭೂಮಿಯ ನಡುಗೆರೆ ಪಕ್ಕದ್ದು. ಇಲ್ಲಿ ಸೂರ್ಯ ಏಳೋದೂ ಮಲಗೋದೂ ವರ್ಷವೆಲ್ಲ ಒಂದೇ ಹೊತ್ತಿಗೆ. ಹಸಿರು ಬಾಡಲ್ಲ, ಹಗಲು ಸವೆಯಲ್ಲ, ಸವೆಯದ್ದು ಬೆಳೆಯೋದೆಲ್ಲಿ ಬಂತು? ಸಂಕ್ರಾಂತಿ ಬಂತು. ಎಳ್ಳು ಬೀರಿದ್ವಿ. ಉತ್ತರಾಯಣ ಅಲ್ವಾ, ಇನ್ನು ಅಮ್ಮ ಹೋಗ್ತಾರೆ ಅಜ್ಜಿ ಅಂದ್ಲು ಇಂದು. ಹೋಗ್ಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿದ್ರೆ ಬೆಳಗ್ಗೆ ಬಡಿಸಿಟ್ಟ ಜಾಗಕ್ಕೇ ಬಂದು ಕೂತಿರೋದು. ಅವಳಮ್ಮನೂ ಪಾಪ ಕಿಟಕಿ ನೋಡ್ಕೊಂಡು ಕೂತಿದ್ರು... ಹೊರಗೆ ಹಗಲು ಬೆಳೀಲಿಲ್ಲವಲ್ಲ, ಒಳಗೆ ರಾತ್ರಿ ಬೆಳೀತು. ನಮ್ಮನೇಲಿ ಬಿಸಿಲು ಬಿದ್ದಿರೋದು, ಅವರ ಕಿಟಕೀಲಿ ಮಸಿ ಬಳಿದ ಹಾಗೆ ಕತ್ತಲು. ಮೊದಮೊದಲು ಸ್ವಲ್ಪ ಹೊತ್ತು. ಆಮೇಲಾಮೇಲೆ ಮಧ್ಯಾಹ್ನದ ತನಕ. ಆ ಕೂಸು ಇಶಿತಾ... ಎಬ್ಬಿಸಿದ್ರೆ ಏಳ್ತಿರ್ಲಿಲ್ಲ. ಹಾಸನದಜ್ಜಿ ಇನ್ನೂ ಬೆಳಗಾಗಿಲ್ಲ ಅಂತಿದಾರೆ ಅನ್ನೋದು, ಮಗ್ಗುಲಾಗೋದು. ಊಟ ಇಲ್ಲ, ಆಟ ಇಲ್ಲ. ಡಾಕ್ಟರ್ ನೋಡಿದ್ರು, ಏನೂ ಇಲ್ಲ ಅಂದ್ರು. ಕೂಸಿನ ಮೈ ಮಾತ್ರ ದಿನಾ ತಣ್ಣಗಾಗ್ತಾ ಬಂತು."

"ಅಜ್ಜಿ, ಸಾಕು, ಸ್ಕಿಪ್ ಮಾಡಿ ಎಂಡಿಂಗ್ ಹೇಳಿ," ಎಂದ ಕುಶಾಲ್. ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಏನು ಮಾಡ್ತಾರೆ? ಹಗಲು ಬೆಳೆಯೋ ಊರಿಗೇ ಹೋಗ್ಬೇಕಾಯ್ತು. ಫೆಬ್ರವರೀಲಿ ಕೆಲಸ ಬಿಟ್ಟು, ಕೂಸನ್ನ ಹೆಗಲಮೇಲೆ ಹಾಕ್ಕೊಂಡು, ತಟ್ಟೇನ ಸೀರೇಲಿ ಸುತ್ತಿ ಇಂಗ್ಲೆಂಡಿಗೆ ಹೋದ್ರು. ಅಲ್ಲಿ ಸಂಜೆ ಉದ್ದ ಆಗ್ತಾ ಬಂದ ಹಾಗೆ ತಟ್ಟೇಲಿ ಗುಳಿ ಬೀಳೋದು ನಿಂತ್ಹೋಯ್ತು ಅಂತ ಫೋನ್ ಮಾಡಿದ್ಲು. ಕೂಸು ಎದ್ದು ಬಿಸ್ಕತ್ತು ಕೇಳಿತಂತೆ. ಎರಡನೇ ಸಲ ಅಮ್ಮನ್ನ ಕಳ್ಕೊಂಡೆ ಅಜ್ಜಿ ಅಂತ ಅತ್ಲು... ದಿಮ್ಮಿ ಮಾತ್ರ ಭಾರ ಅಂತ ಇಲ್ಲೇ ಬಿಟ್ರು. ಕೆಳಗೆ ನೆಲಮಹಡಿಯ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ, ಹಳೇ ಕುರ್ಚಿ ಮೇಜು ಇಡ್ತಾರಲ್ಲ, ಆ ಕಂಬದ ಪಕ್ಕ. ಬೇಕಾದೋರು ಎತ್ಕೊಳ್ಳಲಿ ಅಂತ."

ಆ ಕಂಬದ ಪಕ್ಕದಲ್ಲಿಯೇ ನಿರುಪಮಾಳಿಗೆ ದಿಮ್ಮಿ ಸಿಕ್ಕಿದ್ದು. ಮೂರು ತೂತು ಮೊದಲೇ ಕೊರೆದಿತ್ತು. ಒಂದು ತುದಿ ಕರಿಕಾಗಿತ್ತು. ಎಂಥ ಅದೃಷ್ಟ ಎಂದುಕೊಂಡು ಸೀರೆಯ ಸೆರಗಿನಲ್ಲೇ ಧೂಳು ಒರೆಸಿ ಮೇಲಕ್ಕೆ ತಂದಿದ್ದಳು.

ಕುಶಾಲನ ಫೋನು ಬಡಿದುಕೊಂಡಿತು. ಎಲ್ಲರೂ ಬೆಚ್ಚಿದರು. ಆಫೀಸಿನಿಂದ ನವನೀತ್. ಸ್ಪೀಕರಿನಲ್ಲಿ ಅವನ ದನಿ ದೊಡ್ಡದಾಗಿ ಕೇಳಿಸಿತು. "ಎಲ್ಲಿದೀಯೋ ಮಾರಾಯ? ಕ್ಲೈಂಟ್ ಬಂದು ಕೂತಾಗಿದೆ."

"ಇನ್ನೂ ಬೆಳಕೇ ಆಗಿಲ್ವಲ್ಲೋ. ಇಷ್ಟು ಮಳೆ..."

"ಯಾವ ಮಳೆ? ಕುಡಿದಿದೀಯಾ? ಬಿಸಿಲು ಸುಡ್ತಾ ಇದೆ ಇಲ್ಲಿ."

ಮೂವರೂ ಕಿಟಕಿಯತ್ತ ನೋಡಿದರು. ಗಾಜಿನ ಆಚೆ ಎದುರು ಬ್ಲಾಕು ಕಾಣುತ್ತಿರಲಿಲ್ಲ, ಎಲ್‌ಆರ್‌ಟಿ ರೈಲಿನ ಹಳಿಯೂ ಕಾಣುತ್ತಿರಲಿಲ್ಲ. ಮಸಿ ಬಳಿದಂತಿತ್ತು. ನಿರುಪಮಾ ಮನೆಗೆ ಫೋನು ಹಚ್ಚಿದಳು. ಬಹಳ ಹೊತ್ತು ರಿಂಗಾಗಿ, ಕೊನೆಗೆ ಇಶಾನ್ ಎತ್ತಿದ.

"ಇಶೂ, ಎದ್ದೇಳು ಪುಟ್ಟ. ಅಪ್ಪನ್ನ ಎಬ್ಬಿಸು."

"ನೋ ಲಾ ಅಮ್ಮ... ಇನ್ನೂ ನೈಟು," ಎಂದಿತು ನಿದ್ದೆಗಣ್ಣಿನ ದನಿ. "ಸುಭಾಷ್ ಮಾಮ ಮಲಕ್ಕೋ ಅಂತಿದಾರೆ."

ನಿರುಪಮಾ ಎದ್ದು ನಿಂತಳು. ಓಡಬೇಕು ಎನ್ನುವ ಕಾಲು ಒಂದು ಕ್ಷಣ ನಿಂತೇ ಇತ್ತು. ಮೇಲೆ ಹೋದರೆ ಅವನ ಮುಖ ನೋಡಬಹುದೇನೋ ಎಂಬ ಆಸೆ ಆ ಭಯದೊಳಗೂ ಹೊಗೆಯಾಡುತ್ತಿತ್ತು. ಅಜ್ಜಿ ಅದನ್ನು ಕಂಡವಳಂತೆ ನಿಧಾನವಾಗಿ ಎದ್ದು ಒಳಗೆ ಹೋದಳು. ಎರಡು ಡಬ್ಬಿಗಳಲ್ಲಿ ಹುಗ್ಗಿ ತುಂಬಿ ತಂದು ಅವಳ ಕೈಗಿಟ್ಟಳು.

"ನೆನ್ನೆ ರಾತ್ರೀನೇ ಮೇಲಿಂದ ಅದೇ ದಿಮ್ಮಿಯ ಹೊಗೆ ವಾಸನೆ ಬಂತು ಕಣೆ ನೀರೂ. ಇಂದು ಕಾಲಕ್ಕೆ ಅವರ ಮನೆಗೊಂದಕ್ಕೇ ಕತ್ತಲಾಗಿತ್ತು. ಈ ಸಲ ನನ್ನ ಮನೆಗೂ ಇಳಿದಿದೆ... ಹೋಗು, ಹೋಗಿ ಮಗೂನ ಎತ್ಕೋ, ಟಿಕೆಟ್ ನೋಡು. ಈ ಡಬ್ಬಿ ಇಶಾನಂಗೆ. ಇನ್ನೊಂದು ನಿನ್ನ ತಮ್ಮಂಗೆ. ಹೊತ್ತು ಬೆಳೆಯೋತನಕ ಕೂತಿರ್ತಾನೆ ಪಾಪ... ಈ ಊರಲ್ಲಿ ಯಾವತ್ತು ಬೆಳೆದಿದೆ, ನೀನೇ ಹೇಳು?"